ಮೆತ್ತಗಾದ ಕ್ಲಚ್ ಪೆಡಲ್: ಮನೆಯಂಗಳದಲ್ಲಿ ಎರಡು ಬಾರಿ ಮಾಡಿದ ಕೆಲಸ

ಕಳೆದ ಮಳೆಗಾಲದ ಒಂದು ಸಂಜೆ ಕುಂದಾಪುರದಿಂದ ಹುಲಿಕಲ್ ಘಾಟಿ ಹತ್ತಿ ಹೊಸನಗರಕ್ಕೆ ಮರಳುತ್ತಿದ್ದಾಗ, ತಿರುವೊಂದರಲ್ಲಿ ಮುಂದಿನ ಲಾರಿ ನಿಂತಿತು. ನಾನೂ ನಿಲ್ಲಿಸಿ, ಮತ್ತೆ ಹೊರಡಲೆಂದು ಕ್ಲಚ್ ತುಳಿದು ಮೊದಲ ಗೇರಿಗೆ ಹಾಕಲು ಹೋದರೆ ಗೇರು ಕರಕರ ಎಂದು ಸದ್ದು ಮಾಡಿತೇ ಹೊರತು ಕೂರಲಿಲ್ಲ. ಪೆಡಲ್ ಕಾಲಿಗೆ ಯಾವ ಎದುರನ್ನೂ ಕೊಡದೆ, ಹತ್ತಿಯ ದಿಂಬನ್ನು ತುಳಿದಂತೆ ನೆಲದವರೆಗೂ ಇಳಿದುಬಿಟ್ಟಿತ್ತು. ಗಾಬರಿಯಲ್ಲಿ ಮೂರು ನಾಲ್ಕು ಬಾರಿ ಪಟಪಟನೆ ತುಳಿದಾಗ ಪೆಡಲ್ ಕೊಂಚ ಗಟ್ಟಿಯಾಯಿತು, ಗೇರೂ ಕೂತಿತು. ಹಾಗೆಯೇ ಪ್ರತಿ ಗೇರಿಗೂ ತುಳಿದು ತುಳಿದು ಮನೆ ಸೇರಿದೆ.

ಮರುದಿನ ಪೇಟೆಯ ಗ್ಯಾರೇಜೊಂದರಲ್ಲಿ ತೋರಿಸಿದೆ. ಅಲ್ಲಿಯವರು ಪೆಡಲನ್ನು ಒಮ್ಮೆ ತುಳಿದು ನೋಡಿ, ಕ್ಲಚ್ ಸೆಟ್ ಪೂರ್ತಿ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಹದಿನಾಲ್ಕು ಸಾವಿರವಾಗುತ್ತದೆ ಎಂದರು. ಸದ್ಯಕ್ಕೆ ಓಡಿಸಬೇಕಾದರೆ ಪೆಡಲಿನ ರಾಡನ್ನು ಸ್ವಲ್ಪ ಉದ್ದ ಮಾಡಿಕೊಡುತ್ತೇವೆ ಎಂಬ ಸಲಹೆಯೂ ಬಂತು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಕ್ಲಚ್ ಪ್ಲೇಟ್ ಸವೆದಿದ್ದರೆ ಏರಿನಲ್ಲಿ ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ನನ್ನ ಕಾರು ಘಾಟಿಯನ್ನು ಚೆನ್ನಾಗಿಯೇ ಎಳೆದಿತ್ತು. ಅದರ ತೊಂದರೆ ಕ್ಲಚ್ ಹಿಡಿಯದಿರುವುದಲ್ಲ, ತುಳಿದಾಗ ಬಿಡದಿರುವುದು. ರಾಡು ಉದ್ದ ಮಾಡುವ ಉಪಾಯವಂತೂ ಅಪಾಯದ್ದು. ಪೆಡಲನ್ನು ಪೂರ್ತಿ ಬಿಟ್ಟಾಗ, ಅದರ ಹಿಂದಿರುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಹಿಂದಕ್ಕೆ ಬಂದು, ದ್ರವದ ಡಬ್ಬಿಗೆ ಹೋಗುವ ಸಣ್ಣ ರಂಧ್ರವನ್ನು ತೆರೆಯಬೇಕು. ರಾಡು ಅತಿ ಉದ್ದವಾದರೆ ಆ ರಂಧ್ರ ಮುಚ್ಚಿಕೊಂಡೇ ಉಳಿಯುತ್ತದೆ. ಬಿಸಿಯಾಗಿ ಹಿಗ್ಗಿದ ದ್ರವಕ್ಕೆ ಹಿಂದಿರುಗಲು ದಾರಿಯಿಲ್ಲದೆ ಒತ್ತಡ ನಿಂತು, ಇಲ್ಲದ ಸವೆತ ನಿಜವಾಗಿಯೂ ಶುರುವಾಗುತ್ತದೆ.

ಮಾರುತಿ 800ರಂತಹ ಕಾರುಗಳಲ್ಲಿ ಕ್ಲಚ್ಚಿಗೆ ಕೇಬಲ್ ಇರುತ್ತದೆ. ಅಲ್ಲಿ ಈ ಕಥೆಯೇ ಬೇರೆ. ನನ್ನದು ಹನ್ನೊಂದು ವರ್ಷದ ಪೆಟ್ರೋಲ್ ಕಾರು, ಹೈಡ್ರಾಲಿಕ್ ಕ್ಲಚ್. ಪೆಡಲಿನ ಹಿಂದೆ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸಿನ ಹೊರಮೈಯಲ್ಲಿ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರ್, ನಡುವೆ ದ್ರವ ತುಂಬಿದ ಪೈಪು. ಎರಡೂ ಸಿಲಿಂಡರುಗಳ ಮೈಮೇಲೆ ಒಳಕೊಳವೆಯ ವ್ಯಾಸ ಎರಕದಲ್ಲೇ ಅಚ್ಚಾಗಿದೆ: ಮಾಸ್ಟರ್ 5/8 ಅಂಗುಲ, ಸ್ಲೇವ್ 3/4 ಅಂಗುಲ. ಲೆಕ್ಕ ಹಾಕಿದರೆ ಮಾಸ್ಟರಿನ ಪಿಸ್ಟನ್ 20 ಮಿಲಿಮೀಟರ್ ಸರಿದಾಗ ಸ್ಲೇವಿನ ಪಿಸ್ಟನ್ ಸುಮಾರು 14 ಮಿಲಿಮೀಟರ್ ಸರಿಯುತ್ತದೆ, ಮತ್ತು ಅಷ್ಟಕ್ಕೆ ಬೇಕಾದ ದ್ರವ ಸುಮಾರು 4 ಮಿಲಿಲೀಟರ್, ಅಂದರೆ ಒಂದು ಚಹಾ ಚಮಚಕ್ಕಿಂತಲೂ ಕಡಿಮೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನೊಳಗೆ ಎರಡು ಮಿಲಿಲೀಟರ್ ಗಾಳಿ ಸೇರಿದರೂ ಪೆಡಲಿನ ಅರ್ಧ ಶ್ರಮ ಆ ಗಾಳಿಯನ್ನು ಹಿಂಡುವುದಕ್ಕೇ ಮುಗಿದುಹೋಗುತ್ತದೆ. ಪಟಪಟನೆ ತುಳಿದಾಗ ಗಟ್ಟಿಯಾದದ್ದು ಇದೇ ಕಾರಣಕ್ಕೆ: ಪ್ರತಿ ತುಳಿತಕ್ಕೂ ಡಬ್ಬಿಯಿಂದ ಒಂದಿಷ್ಟು ಹೊಸ ದ್ರವ ಸೇರಿಕೊಂಡು ಗಾಳಿಯ ಜಾಗವನ್ನು ತುಂಬುತ್ತಿತ್ತು.

ಇದನ್ನು ಅಳೆದೇ ನೋಡಿದೆ. ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಏರ್ ಫಿಲ್ಟರ್ ಪೆಟ್ಟಿಗೆಯನ್ನು ಬಿಚ್ಚಿದರೆ ಸ್ಲೇವ್ ಸಿಲಿಂಡರ್ ಮೇಲಿನಿಂದಲೇ ಕೈಗೆ ಸಿಗುತ್ತದೆ. ಜಾಕ್ ಹಾಕಿ ಕೆಳಗೆ ತೂರುವ ಪ್ರಮೇಯವೇ ಬರಲಿಲ್ಲ. ಮಗಳು ಒಳಗೆ ಕೂತು ಪೆಡಲ್ ತುಳಿದಳು, ನಾನು ಸ್ಲೇವಿನಿಂದ ಹೊರಬರುವ ಪುಶ್‌ರಾಡಿನ ಪಕ್ಕದಲ್ಲಿ ಉಕ್ಕಿನ ಅಳತೆಪಟ್ಟಿ ಹಿಡಿದೆ. ರಾಡು ಸರಿದದ್ದು 7 ಮಿಲಿಮೀಟರ್ ಮಾತ್ರ. ಹದಿನಾಲ್ಕು ಸಾವಿರದ ಮಾತಿಗೆ ಅಷ್ಟೇ ಉತ್ತರ ಸಾಕಾಗಿತ್ತು.

ಗಾಳಿ ಹಿಡಿದಿದೆ ಎಂದ ಮೇಲೆ ಏರ್ ತೆಗೆದರಾಯಿತು ಎಂದು ನೇರವಾಗಿ ಕೆಲಸಕ್ಕಿಳಿದದ್ದು ನನ್ನ ತಪ್ಪು. ಮೊದಲ ಸಲದ ಕೆಲಸವೇನೋ ಚೊಕ್ಕವಾಗಿಯೇ ಆಯಿತು, ಪೆಡಲ್ ಗಟ್ಟಿಯಾಯಿತು, ನಾನು ಹಿಗ್ಗಿದೆ. ಐದನೆಯ ದಿನಕ್ಕೆ ಪೆಡಲ್ ಮತ್ತೆ ಮೆತ್ತಗಾಯಿತು. ಮುಚ್ಚಿದ ಪೈಪಿನೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ದ್ರವ ಹೊರಗೆ ಹೋಗುವ ದಾರಿಯೊಂದಿದ್ದರೆ ಅದೇ ದಾರಿಯಿಂದ ಗಾಳಿಯೂ ಒಳಗೆ ಬರುತ್ತದೆ. ಅದನ್ನು ಹುಡುಕುವುದು ಮೊದಲ ದಿನವೇ ಆಗಬೇಕಾಗಿದ್ದ ಕೆಲಸ.

ಹುಡುಕುವ ಜಾಗಗಳು ಹೆಚ್ಚೇನಿಲ್ಲ. ಪೆಡಲಿನ ಮೇಲ್ಭಾಗದಲ್ಲಿ, ರಾಡು ಮಾಸ್ಟರ್ ಸಿಲಿಂಡರಿನೊಳಗೆ ಹೋಗುವ ಕಡೆ ಬೆರಳಾಡಿಸಿ ನೋಡಿದೆ: ಒಣಗಿತ್ತು, ಕಾರ್ಪೆಟ್ಟಿನಲ್ಲೂ ಕಲೆಯಿರಲಿಲ್ಲ. ಪೆಡಲನ್ನು ತುಳಿದು ಒಂದು ನಿಮಿಷ ಹಾಗೆಯೇ ಹಿಡಿದರೆ ಅದು ನಿಧಾನವಾಗಿ ಕುಸಿಯಲಿಲ್ಲ. ಹೊರಗೆಲ್ಲೂ ಸೋರದೆ ಹಾಗೆ ಕುಸಿದಿದ್ದರೆ ಮಾಸ್ಟರಿನ ಒಳಗಿನ ಸೀಲನ್ನು ಅನುಮಾನಿಸಬೇಕಿತ್ತು. ಪೈಪಿನ ಜೋಡಣೆಗಳೂ ಒಣಗಿದ್ದವು. ಕೊನೆಗೆ ಸ್ಲೇವ್ ಸಿಲಿಂಡರಿನ ಬಾಯಿಗಿರುವ ರಬ್ಬರ್ ಟೊಪ್ಪಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿದಾಗ, ಡಿಕಾಕ್ಷನ್ನಿನಂತಹ ಕಪ್ಪು ದ್ರವ ಎರಡು ಹನಿ ಬೆರಳ ಮೇಲೆ ಇಳಿಯಿತು. ಹೊರಗಿನಿಂದ ನೋಡಿದರೆ ಸಿಲಿಂಡರ್ ಪೂರ್ತಿ ಒಣಗಿತ್ತು. ಸೋರಿದ್ದನ್ನೆಲ್ಲ ಆ ಟೊಪ್ಪಿಯೇ ಬಚ್ಚಿಟ್ಟುಕೊಂಡಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಾವೆಲ್ಲ ಬ್ರೇಕ್ ಆಯಿಲ್, ಕ್ಲಚ್ ಆಯಿಲ್ ಎಂದೇ ಕರೆಯುತ್ತೇವಾದರೂ ಅದು ಎಣ್ಣೆಯಲ್ಲ. ಡಾಟ್ 3, ಡಾಟ್ 4 ಎಂದು ಸಿಗುವ ದ್ರವಗಳು ಗ್ಲೈಕಾಲ್ ಈಥರ್ ಮೂಲದವು, ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದವು. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ಶೇಕಡಾ 3.7ರಷ್ಟು ನೀರು ಸೇರಿದಾಗ ಅದಕ್ಕಿರುವ ಮಿತಿ 155 ಡಿಗ್ರಿ. ತಿಂಗಳುಗಟ್ಟಲೆ ಗೋಡೆಗಳೇ ಬೆವರುವ ನಮ್ಮ ಮಲೆನಾಡಿನಲ್ಲಿ ಆ ದ್ರವ ಒಣಗಿ ಉಳಿಯುವುದಾದರೂ ಹೇಗೆ? ನೀರು ಸೇರಿದ ದ್ರವ ಸಿಲಿಂಡರಿನ ಒಳಮೈಯನ್ನು ತಿನ್ನುತ್ತದೆ, ತಿಂದ ಜಾಗದ ಒರಟು ಸೀಲನ್ನು ಗೀರುತ್ತದೆ. ಬದಲಿಗೆ ಎಂಜಿನ್ ಆಯಿಲ್ ಸುರಿದರಂತೂ ಈ ರಬ್ಬರ್ ಸೀಲುಗಳು ಉಬ್ಬಿ ಪೂರ್ತಿ ಹಾಳಾಗುತ್ತವೆ. ಡಾಟ್ 5 ಎಂಬುದು ಸಿಲಿಕೋನ್ ಮೂಲದ್ದು, ಇದರೊಡನೆ ಬೆರೆಸುವಂತಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಬೇಕು. ನನ್ನದರಲ್ಲಿ ಡಾಟ್ 4 ಎಂದಿತ್ತು.

ಸೀಲಿನ ಕಿಟ್ ಮಾತ್ರ ಹಾಕುವುದೋ ಸಿಲಿಂಡರನ್ನೇ ಬದಲಿಸುವುದೋ ಎಂದು ಸ್ವಲ್ಪ ಯೋಚಿಸಿದೆ. ಒಳಮೈ ತಿಂದುಹೋಗಿದ್ದರೆ ಹೊಸ ಸೀಲೂ ಬಹಳ ದಿನ ಬಾಳುವುದಿಲ್ಲವೆಂದು ಹೊಸ ಸಿಲಿಂಡರನ್ನೇ 1,450 ರೂಪಾಯಿಗೆ ತರಿಸಿದೆ. ಬಿಚ್ಚುವಾಗ ಪೈಪಿನ ನಟ್ಟಿಗೆ ಮಾಮೂಲಿ ಸ್ಪ್ಯಾನರ್ ಹಾಕಿದರೆ ಮೂಲೆಗಳು ಉರುಟಾಗುತ್ತವೆ, ಆದ್ದರಿಂದ ಒಂದು ಕಡೆ ಸೀಳಿರುವ ಪೈಪ್ ಸ್ಪ್ಯಾನರನ್ನೇ ಬಳಸಿದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟದ್ದರಿಂದ ಅದು ಸಲೀಸಾಗಿ ಬಿಟ್ಟಿತು. ಸಿಲಿಂಡರ್ ಹೊರಗಿರುವಾಗ ಯಾರೂ ಪೆಡಲ್ ತುಳಿಯದಂತೆ ಸ್ಟೀಯರಿಂಗಿಗೆ ಒಂದು ಟವೆಲ್ ಕಟ್ಟಿದ್ದೆ. ಹೊಸದರ ರಾಡಿನ ತುದಿಗೆ ಚೂರು ಗ್ರೀಸ್ ಸವರಿ ಕೂರಿಸಿ, ಎರಡು ಬೋಲ್ಟುಗಳನ್ನು ಬಿಗಿದೆ.

ಏರ್ ತೆಗೆಯುವ ಕ್ರಮ ಹೇಳಲು ಸುಲಭ. ಸ್ಲೇವಿನ ಮೇಲಿರುವ, ಗಾಳಿ ಹೊರಬಿಡುವ ನಿಪ್ಪಲಿಗೆ ಮೊದಲು 8 ಮಿಲಿಮೀಟರಿನ ರಿಂಗ್ ಸ್ಪ್ಯಾನರ್ ತೊಡಿಸಿ, ಅದರ ಮೇಲೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಕೊಳವೆಯ ಇನ್ನೊಂದು ತುದಿಯನ್ನು ತುಸು ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಳಗಿನವರು ನಿಧಾನವಾಗಿ ಪೆಡಲ್ ತುಳಿದು ಹಿಡಿಯಬೇಕು. ಹೊರಗಿನವರು ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ, ದ್ರವವೂ ಗುಳ್ಳೆಯೂ ಬಂದ ಮೇಲೆ ಮುಚ್ಚಬೇಕು. ಮುಚ್ಚಿದ ನಂತರವೇ ಪೆಡಲ್ ಬಿಡಬೇಕು. ಗಾಳಿಯಿರುವಾಗ ಪೆಡಲ್ ತಾನಾಗಿ ಮೇಲೇಳುವುದಿಲ್ಲ, ಕಾಲಿನ ಬೆನ್ನಿನಿಂದ ಎತ್ತಿಕೊಳ್ಳಬೇಕು.

ಎಡವಿದ್ದು ಮಾತಿನಲ್ಲಿ. ನಾನು ಬಾನೆಟ್ಟಿನ ಕೆಳಗಿನಿಂದ "ಬಿಗಿ ಮಾಡ್ತೀನಿ" ಎಂದೆ, ಮಗಳಿಗೆ "ಬಿಡು" ಎಂದು ಕೇಳಿಸಿತು. ಅವಳು ಬಿಟ್ಟಳು, ನಿಪ್ಪಲ್ ಇನ್ನೂ ತೆರೆದಿತ್ತು, ಅದರ ತಿರುಪಿನ ಎಳೆಗಳ ಸಂದಿನಿಂದ ಗಾಳಿ ಒಳಗೆ ಹೋಗಿ ಅಲ್ಲಿಯವರೆಗಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಅಲ್ಲಿಂದ ಮುಂದೆ ಅಂಕಿಗಳನ್ನು ಗೊತ್ತುಮಾಡಿಕೊಂಡೆವು: ಅವಳು ತುಳಿದು ಹಿಡಿದಾಗ "ಒಂದು", ನಾನು ಮುಚ್ಚಿದಾಗ "ಎರಡು". ಐದು ಸಲಕ್ಕೊಮ್ಮೆ ಡಬ್ಬಿಯನ್ನು ತುಂಬಿಸುತ್ತಿದ್ದೆ. ಅದು ತಳ ಕಂಡರೆ ಮೇಲಿನಿಂದಲೇ ಗಾಳಿ ಇಳಿದು, ಕೆಲಸ ಮೊದಲಿನಿಂದ ಶುರುವಾಗುತ್ತದೆ.

ಇಪ್ಪತ್ತು ಸಲವಾದರೂ ಪೆಡಲಿನ ಮೊದಲ ಅಂಗುಲ ಮೆತ್ತಗೇ ಇತ್ತು. ನನ್ನ ಕಾರಿನಲ್ಲಿ ಪೈಪು ಮಾಸ್ಟರಿನಿಂದ ಹೊರಟು ಒಮ್ಮೆ ಮೇಲಕ್ಕೆ ಡೊಂಕಾಗಿ ಹೋಗಿ ಆಮೇಲೆ ಕೆಳಗಿಳಿಯುತ್ತದೆ. ಗುಳ್ಳೆಯೊಂದು ಆ ಡೊಂಕಿನಲ್ಲಿ ಕೂತರೆ ಕೆಳಗಿನಿಂದ ಎಷ್ಟು ಎಳೆದರೂ ಇಳಿಯುವುದು ಕಷ್ಟ. ಆಗ ನಿಪ್ಪಲನ್ನು ಬಿಗಿದು, ಡಬ್ಬಿಯ ಮುಚ್ಚಳ ತೆಗೆದು, ಸ್ಲೇವ್ ಸಿಲಿಂಡರನ್ನು ಬೋಲ್ಟಿನಿಂದ ಬಿಡಿಸಿ ಕೈಯಲ್ಲಿ ಹಿಡಿದು, ಅದರ ರಾಡನ್ನು ಹೆಬ್ಬೆರಳಿನಿಂದ ನಿಧಾನವಾಗಿ ಒಳಕ್ಕೆ ತಳ್ಳಿದೆ. ದ್ರವ ಹಿಮ್ಮುಖವಾಗಿ ಮೇಲೇರಿತು. ಡಬ್ಬಿಯಲ್ಲಿ ಮೊದಲು ಸಾಸಿವೆಯಷ್ಟು ಗುಳ್ಳೆಗಳು ಬಂದವು, ಎರಡನೆಯ ಸಲ ತಳ್ಳಿದಾಗ ಕಡಲೆಕಾಳಿನಷ್ಟು ದೊಡ್ಡದೊಂದು ಬುಳಕ್ ಎಂದು ಎದ್ದು ಒಡೆಯಿತು. ನಾಲ್ಕನೆಯ ಸಲಕ್ಕೆ ಏನೂ ಬರಲಿಲ್ಲ. ರಾಡನ್ನು ಬೇಗ ಬಿಟ್ಟರೆ ಒಳಗಿನ ಸ್ಪ್ರಿಂಗ್ ಪಿಸ್ಟನ್ನನ್ನು ಹೊರಕ್ಕೆ ದೂಡುತ್ತದೆ, ಹಾಗಾಗಿ ಸಿಲಿಂಡರನ್ನು ಮತ್ತೆ ಬಿಗಿಯುವವರೆಗೂ ಹೆಬ್ಬೆರಳು ತೆಗೆಯಲಿಲ್ಲ.

ಅಳತೆಪಟ್ಟಿ ಹಿಡಿದು ನೋಡಿದರೆ 13 ಮಿಲಿಮೀಟರ್. ಎಂಜಿನ್ ಶುರುಮಾಡಿ, ಕ್ಲಚ್ ತುಳಿದು ಹತ್ತು ಎಣಿಸಿ ರಿವರ್ಸ್ ಹಾಕಿದೆ, ಸದ್ದಿಲ್ಲದೆ ಕೂತಿತು. ಎಡ ಫೆಂಡರಿನ ಮೇಲೆ ಬಿದ್ದ ಒಂದು ಹನಿಯನ್ನು ಗಮನಿಸದೆ ಬಿಟ್ಟದ್ದರಿಂದ ಅಲ್ಲಿ ಕಾಸಿನಗಲ ಬಣ್ಣ ಸುಕ್ಕಾಗಿದೆ. ಈ ದ್ರವ ಬಿದ್ದ ಕೂಡಲೇ ನೀರು ಹೊಯ್ದು ತೊಳೆಯಬೇಕೆಂದು ಗೊತ್ತಿದ್ದೂ ಆದ ಪ್ರಮಾದ ಅದು.

ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಕ್ಲಚ್ಚನ್ನು ಮುಚ್ಚಿರುವ ಕವಚದ, ಅಂದರೆ ಬೆಲ್ ಹೌಸಿಂಗಿನ ಒಳಗೆ, ಗೇರ್‌ಬಾಕ್ಸಿನ ಶಾಫ್ಟಿನ ಸುತ್ತಲೂ ಕೂತಿರುತ್ತದೆ. ಅದು ಸೋರಿದರೆ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ, ಅಂಗಳದಲ್ಲಿ ಆಗುವ ಕೆಲಸವಲ್ಲ. ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿಯಿರುವ ಕಾರುಗಳಲ್ಲಿ ದ್ರವದ ಮಟ್ಟದ ಮೇಲೆ ಇನ್ನೂ ಹೆಚ್ಚು ನಿಗಾ ಬೇಕು, ಏಕೆಂದರೆ ಅಲ್ಲಿ ತಪ್ಪಿದರೆ ತೊಂದರೆ ಗೇರಿನಲ್ಲಿ ನಿಲ್ಲದೆ ಬ್ರೇಕಿನವರೆಗೂ ಹೋಗಬಹುದು.

ಹಳೆಯ ಸಿಲಿಂಡರನ್ನು ಆ ರಾತ್ರಿಯೇ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಒಳಮೈಯ ಕೆಳಭಾಗದಲ್ಲಿ ರಾಗಿಕಾಳಿನಷ್ಟು ಸಣ್ಣ ಗುಳಿಗಳ ಸಾಲು; ಸೀಲಿನ ತುಟಿಯಲ್ಲಿ ಅದೇ ಜಾಗಕ್ಕೆ ಸರಿಯಾಗಿ ಒಂದು ಕೂದಲೆಳೆಯ ಗೀರು. ಹೊಸ ದ್ರವದ ಮಟ್ಟಕ್ಕೆ ಡಬ್ಬಿಯ ಹೊರಗೆ ಬಿಳಿ ಬಣ್ಣದಲ್ಲಿ ಗೆರೆ ಎಳೆದಿದ್ದೇನೆ. ತಿಂಗಳಿಗೊಮ್ಮೆ ಆ ಗೆರೆಯನ್ನೂ ರಬ್ಬರ್ ಟೊಪ್ಪಿಯ ಅಂಚನ್ನೂ ನೋಡುತ್ತೇನೆ. ಏಳು ತಿಂಗಳಾಯಿತು, ಮಟ್ಟ ಗೆರೆಯಲ್ಲೇ ಇದೆ, ಟೊಪ್ಪಿಯ ಒಳಗೆ ಒಣಗಿದೆ.