ಒಲೆ ಆರಿಸುವ ಹೊತ್ತು ಗೊತ್ತಿದ್ದರೆ ಮೂರು ದೇಶದ ಊಟ ಸಲೀಸು

ಬೇರೆ ದೇಶದ ಅಡುಗೆ ಅಂದ ಕೂಡಲೇ ಉದ್ದನೆಯ ಸಾಮಾನಿನ ಪಟ್ಟಿ ನೆನಪಾಗಿ ಹಲವರು ಹಿಂದೇಟು ಹಾಕುತ್ತಾರೆ. ಆದರೆ ಅಲ್ಲಿನವರೂ ದಿನವಿಡೀ ದುಡಿದು ಸುಸ್ತಾಗಿ ಮನೆಗೆ ಬರುವವರೇ ಅಲ್ವಾ? ಅವರಿಗೂ ಅರ್ಧ ಗಂಟೆಯಲ್ಲಿ ಆಗುವ ಊಟ ಬೇಕು. ಅಂಥ ಮೂರು ಅಡುಗೆ ಇಲ್ಲಿವೆ. ಅಳತೆ ಇಬ್ಬರಿಗೆ. ಮೂರೂ ನಿಂತಿರುವುದು ಒಂದೇ ವಿಷಯದ ಮೇಲೆ: ಒಲೆಯನ್ನು ಯಾವಾಗ ಆರಿಸುತ್ತೀರಿ ಅನ್ನುವುದು.

ನೇಪಲ್ಸ್‌ನ ಬೆಳ್ಳುಳ್ಳಿ ಸ್ಪಗೆಟಿ

ಇಟಲಿಯಲ್ಲಿ ಇದಕ್ಕೆ ‘ಆಲ್ಯೋ ಎ ಓಲ್ಯೋ’ ಅನ್ನುತ್ತಾರೆ. ಬೆಳ್ಳುಳ್ಳಿ ಮತ್ತು ಎಣ್ಣೆ, ಅಷ್ಟೇ ಅದರ ಅರ್ಥ. 200 ಗ್ರಾಂ ಸ್ಪಗೆಟಿ, 4 ಎಸಳು ಬೆಳ್ಳುಳ್ಳಿ, 4 ದೊಡ್ಡ ಚಮಚ ಆಲಿವ್ ಎಣ್ಣೆ, ಸ್ವಲ್ಪ ಒಣಮೆಣಸಿನಕಾಯಿ ತರಿ, ಒಂದು ಹಿಡಿ ಪಾರ್ಸ್ಲಿ ಸೊಪ್ಪು ಇದ್ದರೆ ಸಾಕು.

2 ಲೀಟರ್ ನೀರು ಕುದಿಸಿ, ಒಂದು ದೊಡ್ಡ ಚಮಚ ಉಪ್ಪು ಹಾಕಿ, ಸ್ಪಗೆಟಿ ಬಿಡಿ. ಪೊಟ್ಟಣದ ಮೇಲೆ 10 ನಿಮಿಷ ಅಂತ ಇದ್ದರೆ 8 ನಿಮಿಷಕ್ಕೇ ತೆಗೆಯಿರಿ. ಬೆಂದ ನೀರನ್ನು ಮಾತ್ರ ಚೆಲ್ಲಬೇಡಿ.

ಅದು ಬೇಯುವಾಗಲೇ ಬೆಳ್ಳುಳ್ಳಿಯನ್ನು ತೆಳ್ಳಗೆ ಬಿಲ್ಲೆಯಾಗಿ ಹೆಚ್ಚಿ, ಅಗಲವಾದ ಬಾಣಲೆಯಲ್ಲಿ ತಣ್ಣನೆಯ ಎಣ್ಣೆಗೇ ಹಾಕಿ. ಆಮೇಲೆ ಸಣ್ಣ ಉರಿ ಹಚ್ಚಿ. ಕಾದ ಎಣ್ಣೆಗೆ ಬಿದ್ದರೆ ಹೊರಗೆ ಸೀದು, ಒಳಗಿನ ಪರಿಮಳ ಒಳಗೇ ಉಳಿಯುತ್ತದೆ. ಈಗ ಬಾಣಲೆ ಬಿಟ್ಟು ಕದಲಬೇಡಿ. ಮೊದಲು ಬಿಲ್ಲೆಗಳ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮನೆಯೆಲ್ಲ ಘಮ್ಮೆನ್ನುತ್ತದೆ. ಆಮೇಲೆ ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ತಕ್ಷಣ ಒಲೆ ಆರಿಸಿ, ಮೆಣಸಿನಕಾಯಿ ತರಿ ಹಾಕಿ. ಎಣ್ಣೆಯ ಕಾವಿಗೇ ಉಳಿದದ್ದು ಆಗುತ್ತದೆ. ಕಂದು ಬಣ್ಣ ಬರಲಿ ಅಂತ ನಾನು ಮೊದಲ ಸಲ ಕಾದಿದ್ದೆ. ಇಡೀ ಊಟ ಕಹಿಯಾಯಿತು. ಕಹಿಯಾದ ಬೆಳ್ಳುಳ್ಳಿಯನ್ನು ಸರಿಮಾಡಲು ಆಗುವುದಿಲ್ಲ, ಹೊಸದಾಗಿ ಶುರು ಮಾಡುವುದೇ ಒಳ್ಳೆಯದು.

ಸ್ಪಗೆಟಿ ಬೆಂದ ನೀರನ್ನು ಒಂದು ಸೌಟು ಬಾಣಲೆಗೆ ಹಾಕಿ. ಸಿಡಿಯುತ್ತದೆ, ಹುಷಾರು. ಸ್ಪಗೆಟಿಯನ್ನೂ ಸೇರಿಸಿ, ಮತ್ತೆ ಒಲೆ ಹಚ್ಚಿ, ಉರಿ ಜಾಸ್ತಿ ಮಾಡಿ, ಒಂದೆರಡು ನಿಮಿಷ ಬಿಡದೆ ಮಗುಚಿ. ಆ ನೀರಿನಲ್ಲಿರುವ ಗಂಜಿಯೇ ಎಣ್ಣೆ ಮತ್ತು ನೀರನ್ನು ಕೂಡಿಸುವುದು. ಎರಡೂ ಬೆರೆತು ಹಾಲಿನಂತೆ ಮಸುಕಾಗಿ ಎಳೆಗಳಿಗೆ ಅಂಟಿಕೊಳ್ಳುತ್ತದೆ. ತಳದಲ್ಲಿ ಬರೀ ಎಣ್ಣೆ ನಿಂತಿದ್ದರೆ ಇನ್ನೆರಡು ಚಮಚ ನೀರು ಹಾಕಿ. ಕೊನೆಗೆ ಪಾರ್ಸ್ಲಿ. ಚೀಸ್ ಬೇಡ. ಹಾಕಿದರೆ ಬೆಳ್ಳುಳ್ಳಿಯ ರುಚಿಯೇ ಮುಚ್ಚಿಹೋಗುತ್ತದೆ.

ಟ್ಯುನೀಷಿಯಾದ ಶಕ್ಷೂಕ

ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ಮೊಟ್ಟೆ ಇದು. ಟ್ಯುನೀಷಿಯಾ ಮತ್ತು ಸುತ್ತಲಿನ ಉತ್ತರ ಆಫ್ರಿಕಾದ ಮನೆಗಳಲ್ಲಿ ಬ್ರೆಡ್ ಜೊತೆ ತಿನ್ನುತ್ತಾರೆ. ಈ ಅಡುಗೆಯ ಟೊಮೆಟೊ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. 1492ರಲ್ಲಿ ಕೊಲಂಬಸ್ ಅಮೆರಿಕ ತಲುಪುವ ಮೊದಲು ಉತ್ತರ ಆಫ್ರಿಕಾದವರು ಇವನ್ನು ಕಂಡೇ ಇರಲಿಲ್ಲ.

ಒಂದು ಈರುಳ್ಳಿ, ಒಂದು ದಪ್ಪ ಮೆಣಸಿನಕಾಯಿ ಹೆಚ್ಚಿ ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ. 3 ಎಸಳು ಬೆಳ್ಳುಳ್ಳಿ, ಒಂದು ಚಿಕ್ಕ ಚಮಚ ಜೀರಿಗೆ ಪುಡಿ, ಖಾರದ ಪುಡಿ ಹಾಕಿ. ಅರ್ಧ ಕೆಜಿ ಹಣ್ಣು ಟೊಮೆಟೊ, ಉಪ್ಪು ಸೇರಿಸಿ 15 ನಿಮಿಷ ಕುದಿಸಿ. ಚಮಚದಿಂದ ನಡುವೆ ಗೆರೆ ಎಳೆದರೆ ಅದು ಕೂಡಲೇ ಮುಚ್ಚಬಾರದು. ಗೊಜ್ಜು ತೆಳ್ಳಗಿದ್ದರೆ ಮೊಟ್ಟೆ ಹರಡಿಕೊಂಡು ಹೋಗುತ್ತದೆ.

ಅಲ್ಲಲ್ಲಿ 4 ಗುಳಿ ಮಾಡಿ ಒಂದೊಂದರಲ್ಲೂ ಮೊಟ್ಟೆ ಒಡೆದು ಹಾಕಿ. ಉರಿ ಸಣ್ಣದು ಮಾಡಿ, ಮುಚ್ಚಳ ಮುಚ್ಚಿ. 5 ನಿಮಿಷಕ್ಕೆ ತೆಗೆದು ನೋಡಿ. ಬಿಳಿಭಾಗ ಗಟ್ಟಿಯಾಗಿ, ಬಾಣಲೆ ಅಲ್ಲಾಡಿಸಿದರೆ ಹಳದಿ ಮಾತ್ರ ನಡುಗಬೇಕು. ಅಲ್ಲಿಗೆ ಒಲೆ ಆರಿಸಿ. ಬಾಣಲೆಯನ್ನೇ ಊಟದ ಮೇಜಿಗೆ ತನ್ನಿ.

ಜಪಾನಿನ ಒಯಾಕೊದೊನ್

‘ಒಯಾಕೊ’ ಅಂದರೆ ಹೆತ್ತವರು ಮತ್ತು ಮಗು. ಕೋಳಿಯೂ ಮೊಟ್ಟೆಯೂ ಒಂದೇ ಬಟ್ಟಲಿನಲ್ಲಿ ಇರುವುದಕ್ಕೆ ಈ ಹೆಸರು.

ಮೊದಲು ಅಂಟು ಅಂಟಾದ ಅನ್ನ ಮಾಡಿ ಬಟ್ಟಲಿಗೆ ಹಾಕಿಟ್ಟುಕೊಳ್ಳಿ. ಮೊಟ್ಟೆ ನಿಮಗಾಗಿ ಕಾಯುವುದಿಲ್ಲ. ಬಾಣಲೆಯಲ್ಲಿ ಅರ್ಧ ಕಪ್ ದಾಶಿ, 2 ದೊಡ್ಡ ಚಮಚ ಸೋಯಾ ಸಾಸ್, 2 ದೊಡ್ಡ ಚಮಚ ಮಿರಿನ್ (ಅಡುಗೆಗೆ ಬಳಸುವ ಸಿಹಿ ಅಕ್ಕಿ ಮದ್ಯ) ಕುದಿಸಿ. ದಾಶಿ ಅಂದರೆ ಒಣಗಿಸಿದ ಕಡಲಸೊಪ್ಪು, ಒಣಮೀನಿನ ಸಾರ. ಅದು ಸಿಗದಿದ್ದರೆ ಕೋಳಿ ಬೇಯಿಸಿದ ನೀರು ಹಾಕಿ, ಮಿರಿನ್ ಬದಲು ಸ್ವಲ್ಪ ಸಕ್ಕರೆ ಹಾಕಿ. ರುಚಿ ಬೇರೆಯಾಗುತ್ತದೆ, ಆದರೆ ಚೆನ್ನಾಗಿಯೇ ಇರುತ್ತದೆ.

ಸೀಳಿದ ಈರುಳ್ಳಿ, 200 ಗ್ರಾಂ ಮೂಳೆ ತೆಗೆದ ಕೋಳಿ ತೊಡೆ ಮಾಂಸದ ಚಿಕ್ಕ ತುಂಡು ಹಾಕಿ, ಮಾಂಸ ಪೂರ್ತಿ ಬೇಯಿಸಿ. 4 ಮೊಟ್ಟೆಯನ್ನು ಚಾಪ್‌ಸ್ಟಿಕ್ ಇಲ್ಲವೇ ಫೋರ್ಕಿನಿಂದ ಸುಮ್ನೆ ನಾಲ್ಕೈದು ಸಲ ಕದಡಿ. ಬಿಳಿ, ಹಳದಿ ಬೇರೆ ಬೇರೆ ಕಾಣಬೇಕು. ಮುಕ್ಕಾಲು ಪಾಲನ್ನು ಸುತ್ತಲೂ ಸುರಿದು, ಅರ್ಧ ನಿಮಿಷ ಬಿಟ್ಟು ಉಳಿದದ್ದನ್ನು ನಡುವೆ ಹಾಕಿ, ಮುಚ್ಚಿ, ಒಲೆ ಆರಿಸಿ. ಒಂದು ನಿಮಿಷದ ನಂತರ ಹಾಗೇ ಅನ್ನದ ಮೇಲೆ ಜಾರಿಸಿ.

ಜಪಾನಿನಲ್ಲಿ ಮೊಟ್ಟೆ ಅರೆಬೆಂದಿರುವುದನ್ನೇ ಇಷ್ಟಪಡುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಇದ್ದರೆ ಮಾತ್ರ ಒಲೆಯನ್ನು ಆಗಲೇ ಆರಿಸಬೇಡಿ. ಸಣ್ಣ ಉರಿಯಲ್ಲಿ ಇನ್ನೆರಡು ಮೂರು ನಿಮಿಷ ಇಟ್ಟು, ಮೊಟ್ಟೆ ಪೂರ್ತಿ ಗಟ್ಟಿಯಾದ ಮೇಲೆ ಬಡಿಸಿ. ಶಕ್ಷೂಕಕ್ಕೂ ಹಾಗೆಯೇ.