ರೀಬೋರ್ ಮಾಡಿದ ಮೇಲೆ ಇಂಜಿನ್‌ಗೆ ಪವರ್ರೇ ಇಲ್ಲ, ಕಡೆಗೆ ಸಿಕ್ಕಿದ್ದು ಫ್ಲೈವೀಲ್ ಅಡಿಯಲ್ಲಿ

ನಂದು ಗಂಗೊಳ್ಳಿ ಕಡೆ ನಾಡದೋಣಿ. 9.9 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗೆ ಸಿಕ್ಕಿಸುವ ಇಂಜಿನ್), ಎರಡು ಸಿಲಿಂಡರ್, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹಾಕುವಂಥದ್ದು. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳಿಗೆ 61 ದಿನ ರಜೆ, ಆಗ ಕಡಲಿಗೆ ಇಳಿಯುದು 10 ಎಚ್‌ಪಿ ಒಳಗಿನ ನಾಡದೋಣಿಗಳೇ, ನಮ್ಮ ದುಡಿಮೆ ಇರುದೂ ಆ ಎರಡು ತಿಂಗಳಲ್ಲೇ. ಅದಕ್ಕೇ ಮೇ ತಿಂಗಳಲ್ಲಿ ಇಂಜಿನ್ ಪೂರ್ತಿ ಬಿಚ್ಚಿ, ಬ್ಲಾಕ್ ರೀಬೋರಿಗೆ (ಸವೆದ ಸಿಲಿಂಡರನ್ನು ಮತ್ತೆ ಕೊರೆಯುದು) ಕೊಟ್ಟು, ಹೊಸ ಪಿಸ್ಟನ್, ರಿಂಗ್, ಕ್ರ್ಯಾಂಕ್ ಸೀಲ್ ಎಲ್ಲ ತಂದು ಜೋಡಿಸಿದ್ದು ನಾನೇ.

ಹಗ್ಗ ಎಳೆದ ಕೂಡ್ಲೇ ಸ್ಟಾರ್ಟ್, ಐಡಲಿಂಗ್ ಗಡಿಯಾರದ ಹಾಗೆ. ಆದ್ರೆ ಬಲೆ ತುಂಬಿಸ್ಕೊಂಡು ಫುಲ್ ಥ್ರಾಟಲ್ ಕೊಟ್ರೆ ಇಂಜಿನ್ ಮೇಲೇ ಏಳುದಿಲ್ಲ, ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ. ಐದು ಹೊಳೆ ಬಂದು ಸೇರುವ ಅಳಿವೆ ನಮ್ದು, ಮಳೆಗಾಲದಲ್ಲಿ ಆ ತೆರೆಯ ಎದುರು ಪವರ್ ಇಲ್ಲದೆ ಹೋಗುದು ಅಂದ್ರೆ ದೋಣಿಯಲ್ಲಿದ್ದವರ ಜೀವದ ಪ್ರಶ್ನೆ. ಭಾವ ಹೇಳಿಯೇ ಬಿಟ್ರು, "ಇದು ಸರಿ ಆಗುವ ತನಕ ನಾನು ಹತ್ತುದಿಲ್ಲ ಮಾರಾಯ". ಅವರು ಹೇಳಿದ್ದು ಸರಿಯೇ.

ಮೊದಲು ಪ್ರೊಪೆಲ್ಲರ್. ಹಬ್ಬಿನ ರಬ್ಬರ್ ಜಾರಿದ್ರೆ ಇಂಜಿನ್ ಕಿರುಚ್ತದೆ, ದೋಣಿ ಹೋಗುದಿಲ್ಲ. ಇಲ್ಲಿ ಇಂಜಿನ್ನೇ ಏಳ್ತಿಲ್ಲ, ಹಾಗಾಗಿ ಅದಲ್ಲ. ಕಂಪ್ರೆಷನ್ (ಪಿಸ್ಟನ್ ಒಳಗೆ ಒತ್ತುವ ಗಾಳಿಯ ಒತ್ತಡ) ನೋಡಿದೆ, ಎರಡೂ ಪ್ಲಗ್ ತೆಗೆದು ಥ್ರಾಟಲ್ ಪೂರ್ತಿ ತೆರೆದು ಹಗ್ಗ ಎಳೆದಾಗ ಮೇಲಿನ ಸಿಲಿಂಡರಿನದ್ದು 95 ಪಿಎಸ್‌ಐ, ಕೆಳಗಿನದ್ದು 92. ಸೀಮೆಎಣ್ಣೆ ಇಂಜಿನ್‌ಗೆ ಕಂಪ್ರೆಷನ್ ಕಮ್ಮಿಯೇ ಇರುದು, ಎರಡರ ಮಧ್ಯೆ ಅಂತರ ಜಾಸ್ತಿ ಇಲ್ಲದಿದ್ರೆ ಸಾಕು.

ಆಮೇಲೆ ಲೋಡಿನಲ್ಲಿ ಒಂದೊಂದೇ ಪ್ಲಗ್ ಬಂದ್ ಮಾಡಿ ನೋಡಿದೆ (ಕ್ಯಾಪ್ ಎಳೆದು ಗಾಳಿಯಲ್ಲಿ ಬಿಡ್ಬೇಡಿ, ಬ್ಲಾಕಿಗೆ ಅರ್ತ್ ಕೊಡಿ, ಇಲ್ಲದಿದ್ರೆ ಸ್ಪಾರ್ಕ್ ಕೊಡುವ ಸಿಡಿಐ ಯುನಿಟ್ ಸುಟ್ಟು ಹೋಗುವ ಸಾಧ್ಯತೆ ಉಂಟು). ಯಾವುದನ್ನು ಬಂದ್ ಮಾಡಿದ್ರೂ ಒಂದೇ ಥರ ಇಳೀತದೆ. ಅಂದ್ರೆ ಒಂದು ಸಿಲಿಂಡರಿನ ತೊಂದರೆ ಅಲ್ಲ, ಎರಡಕ್ಕೂ ಸೇರಿದ್ದು ಏನೋ ತಪ್ಪಿದೆ: ಎಣ್ಣೆ, ಗಾಳಿ, ಟೈಮಿಂಗ್ (ಸ್ಪಾರ್ಕ್ ಬೀಳುವ ಹೊತ್ತು) ಅಥವಾ ಹೊಗೆ ಹೋಗುವ ದಾರಿ.

ಓಡುವಾಗ ಪೈಪಿನ ಬಲ್ಬ್ ಒತ್ತಿ ನೋಡಿದೆ, ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಸಡಿಲ ಮಾಡಿದೆ, ವ್ಯತ್ಯಾಸ ಇಲ್ಲ. ಕಾರ್ಬುರೇಟರ್ ಬಿಚ್ಚಿದ್ರೆ ಬೌಲಿನ ಅಡಿ ಎರಡು ಹನಿ ನೀರು, ಸಿಕ್ಕಿತು ಅಂತ ಖುಷಿಯಾಗಿ ತೊಳೆದು ಹಾಕಿದೆ, ದೋಣಿ ಮಾತ್ರ ಹಾಗೇ. ಥ್ರಾಟಲ್ ಕೊಟ್ಟಾಗ ಕಾರ್ಬುರೇಟರಿನ ಗಾಳಿ ಬಾಗಿಲು, ಅಂದ್ರೆ ಬಟರ್‌ಫ್ಲೈ, ಪೂರ್ತಿ ತೆರೀತದಾ ಅಂತಲೂ ನೋಡಿದೆ, ತೆರೀತದೆ.

ಟೈಮಿಂಗ್ ಲೈಟ್ ಒಬ್ಬರ ಗ್ಯಾರೇಜಿಂದ ತಂದು ಹಿಡಿದೆ. ಸ್ಪಾರ್ಕ್ ಬಿದ್ದಾಗಲೆಲ್ಲ ಮಿಂಚಿ, ಫ್ಲೈವೀಲ್ (ಕ್ರ್ಯಾಂಕ್ ಶಾಫ್ಟಿನ ತುದಿಯ ಭಾರದ ಚಕ್ರ) ಮೇಲಿನ ಗುರುತು ಎಲ್ಲಿ ಉಂಟು ಅಂತ ತೋರಿಸುವ ದೀಪ ಅದು. ಐಡಲಿನಲ್ಲೂ ಸರಿ, ಫುಲ್ ಥ್ರಾಟಲಿನಲ್ಲೂ ಗುರುತು ಇರಬೇಕಾದ ಜಾಗದಲ್ಲೇ. ಅಲ್ಲಿ ನಾನು ಮೂರು ದಿನ ಕಳಕೊಂಡೆ, ಯಾಕಂದ್ರೆ ಲೈಟ್ ಸರಿ ಉಂಟು ಅಂತ ಹೇಳಿದ ಮೇಲೆ ಟೈಮಿಂಗನ್ನು ಮನಸ್ಸಿಂದಲೇ ತೆಗೆದು ಹಾಕಿದ್ದೆ.

ಮತ್ತೆ ಯೋಚನೆ ಬಂದದ್ದು ಎಕ್ಸಾಸ್ಟ್ ಕವರಿನ ಪೇಂಟ್ ಕಂದಾದ್ದು ನೋಡಿ. ಇಂಜಿನ್ ತಂಪು ಮಾಡುವ ನೀರು ಚೆನ್ನಾಗಿ ಬೀಳ್ತಾ ಉಂಟು, ಆದ್ರೂ ಅಷ್ಟು ಬಿಸಿ. ಸ್ಪಾರ್ಕ್ ತಡ ಆದ್ರೆ ಎಣ್ಣೆ ತಡವಾಗಿ ಉರಿದು ಪಿಸ್ಟನ್ ತಳ್ಳುವ ಶಕ್ತಿ ಶಾಖ ಆಗಿ ಹೊಗೆ ದಾರಿಯಲ್ಲಿ ಹೋಗ್ತದೆ. ಆಗ ಹೊಳೆಯಿತು: ಲೈಟ್ ನೋಡುದು ಫ್ಲೈವೀಲ್ ಮೇಲಿನ ಗುರುತನ್ನು, ಸ್ಪಾರ್ಕ್ ಕೊಡುವ ಮ್ಯಾಗ್ನೆಟ್ ಇರುದೂ ಅದೇ ಫ್ಲೈವೀಲಿನಲ್ಲಿ. ಫ್ಲೈವೀಲೇ ಶಾಫ್ಟಿನ ಮೇಲೆ ಜಾರಿದ್ರೆ ಗುರುತೂ ಮ್ಯಾಗ್ನೆಟ್ಟೂ ಒಟ್ಟಿಗೆ ಜಾರ್ತದೆ, ಲೈಟಿಗೆ ಗೊತ್ತೇ ಆಗುದಿಲ್ಲ. ಪಿಸ್ಟನ್ ಎಲ್ಲಿದೆ ಅಂತ ಪಿಸ್ಟನನ್ನೇ ಕೇಳ್ಬೇಕು.

ಒಂದು ಹಳೆ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರೊಳಗೆ ತುದಿ ಉರುಟು ಮಾಡಿದ ಬೋಲ್ಟ್ ಕೂರಿಸಿದೆ. ಇನ್ನೊಂದು ಪ್ಲಗ್ಗನ್ನೂ ತೆಗೆದಿಟ್ಟು, ಮೇಲಿನ ಸಿಲಿಂಡರಿಗೆ ಇದನ್ನು ಹಾಕಿ ಫ್ಲೈವೀಲನ್ನು ಕೈಯಲ್ಲೇ ನಿಧಾನ ತಿರುಗಿಸಿದ್ರೆ ಪಿಸ್ಟನ್ ಬೋಲ್ಟಿಗೆ ತಾಗಿ ನಿಲ್ತದೆ, ಆಗ ಪಾಯಿಂಟರಿನ ಎದುರು ಒಂದು ಗೆರೆ. ಉಲ್ಟಾ ತಿರುಗಿಸಿ ಇನ್ನೊಂದು ಗೆರೆ. ಎರಡರ ನಟ್ಟನಡು ನಿಜವಾದ ಟಾಪ್, ಅಂದ್ರೆ ಪಿಸ್ಟನ್ ತೀರಾ ಮೇಲೆ ಇರುವ ಜಾಗ. ಫ್ಲೈವೀಲಿನ ಟಾಪ್ ಗುರುತು ಅದರಿಂದ ಹತ್ತತ್ರ ಒಂದು ಸೆಂಟಿಮೀಟರ್ ಹಿಂದೆ ಇತ್ತು!

ಪುಲ್ಲರ್ ಹಾಕಿ ಫ್ಲೈವೀಲ್ ಎಳೆದು ತೆಗೆದ್ರೆ, ಅದಕ್ಕೂ ಶಾಫ್ಟಿಗೂ ನಡುವೆ ಗಾಡಿಯಲ್ಲಿ ಕೂರುವ ಸಣ್ಣ ಲೋಹದ ತುಂಡು, ಅಂದ್ರೆ ಕೀ, ಪೂರ್ತಿ ತುಂಡಾಗಿಲ್ಲ, ಒಂದು ಮಿಲಿಮೀಟರಿನಷ್ಟು ಮೆಟ್ಟಿಲು ಬಿದ್ದಿದೆ. ಒಂದು ಮಿಲಿಮೀಟರ್ ಅಂದ್ರೆ ಎಂತ ಮಹಾ ಅಂತ ಅನ್ನಿಸಬಹುದು, ಆದ್ರೆ ಆ ಶಾಫ್ಟ್ ಅಲ್ಲಿ ಸುಮಾರು 20 ಮಿಮೀ ದಪ್ಪ, ಸುತ್ತಳತೆ 63 ಮಿಮೀ, 360 ಡಿಗ್ರಿಯನ್ನು ಅದಕ್ಕೆ ಭಾಗಿಸಿದ್ರೆ ಒಂದು ಮಿಲಿಮೀಟರಿಗೆ ಹತ್ತತ್ರ 6 ಡಿಗ್ರಿ. ಸ್ಪಾರ್ಕ್ ಅಷ್ಟು ತಡ.

ಕಾರಣ ನಾನೇ. ತುಕ್ಕು ಹಿಡಿಯದ ಹಾಗೆ ಅಂತ ಶಾಫ್ಟಿನ ಟೇಪರಿಗೆ (ಫ್ಲೈವೀಲ್ ಕೂರುವ, ತುದಿಗೆ ಸಪೂರ ಆಗುವ ಭಾಗ) ಗ್ರೀಸ್ ಹಚ್ಚಿದ್ದೆ, ನಟ್ಟನ್ನು ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಲ್ಲಿ ಬಿಗಿ ಮಾಡಿದ್ದೆ. ಫ್ಲೈವೀಲನ್ನು ಹಿಡಿಯುದು ಆ ಒಣ ಟೇಪರ್, ಕೀ ಇರುದು ಜೋಡಿಸುವಾಗ ಸರಿಯಾದ ಜಾಗ ತೋರಿಸ್ಲಿಕ್ಕೆ ಮಾತ್ರ. ಈ ಸಲ ಕೀ ಇಲ್ಲದೆ ವಾಲ್ವ್ ಉಜ್ಜುವ ಪೇಸ್ಟ್ ಹಾಕಿ ಫ್ಲೈವೀಲನ್ನು ಶಾಫ್ಟಿನ ಮೇಲೆ ಆಚೆ ಈಚೆ ತಿರುಗಿಸಿ, ಎರಡೂ ಕಡೆ ಒಂದೇ ಸಮ ಬೂದು ಬಣ್ಣ ಬರುವ ತನಕ ಕೂರಿಸಿದೆ, ಪೇಸ್ಟಿನ ಒಂದು ಕಣವೂ ಉಳಿಯದ ಹಾಗೆ ತಿನ್ನರಿನಲ್ಲಿ ಒರೆಸಿ ಒಣಗಿಸಿ, ಹೊಸ ಕೀ ಹಾಕಿ, ಮ್ಯಾನುವಲಿನ ಲೆಕ್ಕಕ್ಕೆ ನಟ್ಟು ಬಿಗಿ ಮಾಡಿದೆ. ಬೋಲ್ಟ್ ಪ್ಲಗ್ ಹಾಕಿ ಮತ್ತೆ ನೋಡಿದಾಗ ಗುರುತು ನಡುವಿಗೇ ಬಂತು.

ಮರುದಿನ ಬೆಳಿಗ್ಗೆ ಭಾವ ಹತ್ತಿದ್ರು. ಅಳಿವೆಯಲ್ಲಿ ಥ್ರಾಟಲ್ ಕೊಟ್ಟ ಕೂಡ್ಲೇ ಹಳೆ ಸ್ವರ ಬಂತು, ಮುಂಭಾಗ ಎದ್ದು ಮೂರು ತೆರೆ ದಾಟಿ ಹೊರಗೆ ಹೋದೆವು. ಹತ್ತು ಗಂಟೆ ಓಡಿಸಿದ ಮೇಲೆ ಕವರ್ ತೆಗೆದು ನಟ್ಟಿಗೆ ಇನ್ನೊಮ್ಮೆ ರೆಂಚ್ ಹಾಕಿ ನೋಡಿದೆ, ಕದಲ್ಲಿಲ್ಲ.