ಬಗ್ಗಡದ ನೀರನ್ನು ಕುಡಿಯುವ ಹದಕ್ಕೆ ತರುವುದು

ಮಳೆಗಾಲದ ಶುರುವಿನಲ್ಲಿ ನಲ್ಲಿಯಲ್ಲಿ ಕೆಂಪು ನೀರು ಬಂದರೆ ಅದನ್ನು ಹಾಗೇ ಒಲೆಯ ಮೇಲಿಡಬೇಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ಮಣ್ಣು ಹೋಗುವುದಿಲ್ಲ. ಮೊದಲು ತಿಳಿಯಾಗಲು ಬಿಡಿ, ಆಮೇಲೆ ಸೋಸಿ, ಕೊನೆಗೆ ಕುದಿಸಿ. ಕ್ಲೋರಿನ್ ಹಾಕುವವರಿಗಂತೂ ಈ ಕ್ರಮ ತಪ್ಪಲೇಬಾರದು. ಮಣ್ಣು, ಕೊಳೆತ ಎಲೆಕಸ ಇದ್ದರೆ ಕ್ಲೋರಿನ್ ಅವುಗಳಿಗೇ ಖರ್ಚಾಗಿ ರೋಗಾಣುವಿನ ಪಾಲಿಗೆ ಏನೂ ಉಳಿಯುವುದಿಲ್ಲ.

ತಿಳಿ ಮಾಡಲು ಪಟಿಕ ಸಾಕು. 20 ಲೀಟರಿನ ಬಕೆಟ್ಟಿಗೆ ಒಂದು ಗ್ರಾಂ ಪುಡಿ, ಸುಮಾರು ಕಾಲು ಟೀ ಚಮಚ. ಅರ್ಧ ಲೋಟ ನೀರಿನಲ್ಲಿ ಕರಗಿಸಿ ಹಾಕಿ. ಒಂದು ನಿಮಿಷ ಜೋರಾಗಿ, ನಂತರ ಐದು ನಿಮಿಷ ನಿಧಾನವಾಗಿ ತಿರುಗಿಸಿ. ಮಣ್ಣು ಹಿಂಜಿದ ಹತ್ತಿಯ ಹಾಗೆ ಎಳೆಎಳೆಯಾಗಿ ಕೂಡಿಕೊಂಡು ಕೆಳಗಿಳಿಯುತ್ತದೆ. ನಿಧಾನದ ತಿರುವನ್ನು ಬಿಟ್ಟರೆ ಈ ಎಳೆ ಕಟ್ಟುವುದೇ ಇಲ್ಲ. ಒಂದು ಗಂಟೆ ಅಲುಗಾಡಿಸದೆ ಬಿಟ್ಟು ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ತಳದ ನಾಲ್ಕು ಬೆರಳು ನೀರು ಬೇಡ. ನೀರು ಒಗರಾದರೆ ಪಟಿಕ ಹೆಚ್ಚಾಯಿತೆಂದು ತಿಳಿಯಿರಿ.

ಸೋಸಲು ಹಳೆಯ ಹತ್ತಿ ಸೀರೆಯೇ ಒಳ್ಳೆಯದು. ಒಗೆದೂ ಒಗೆದೂ ಅದರ ನೂಲು ಬಿಚ್ಚಿಕೊಂಡು ಸಂದುಗಳು ಕಿರಿದಾಗಿರುತ್ತವೆ. ಮೂರು ಸಲ ಮಡಿಸಿದರೆ ಎಂಟು ಪದರ. ಪ್ರತಿ ಸಲವೂ ಒಂದೇ ಮಗ್ಗುಲು ಮೇಲಿರಲಿ, ಮೂಲೆಗೆ ಬಣ್ಣದ ದಾರ ಹೊಲಿದುಕೊಂಡರೆ ಗುರುತು ಸಿಗುತ್ತದೆ. ನಾರುಹುಣ್ಣನ್ನು ಹರಡುತ್ತಿದ್ದ ಸೈಕ್ಲಾಪ್ಸ್ ಎಂಬ ನೀರಿನ ಸಣ್ಣ ಜೀವಿ ಇಂಥ ಬಟ್ಟೆಯಲ್ಲೇ ಸಿಕ್ಕಿಬೀಳುತ್ತಿತ್ತು. 2000ದ ಹೊತ್ತಿಗೆ ಭಾರತ ಆ ರೋಗದಿಂದ ಮುಕ್ತವಾದದ್ದರಲ್ಲಿ ಸೋಸುವ ಬಟ್ಟೆಗೂ ಪಾಲಿದೆ. ಆದರೆ ಬ್ಯಾಕ್ಟೀರಿಯಾ, ವೈರಸ್ ಬಟ್ಟೆಯನ್ನು ದಾಟುತ್ತವೆ.

ಆದ್ದರಿಂದ ಕುದಿಸಬೇಕು. ಗುಳ್ಳೆ ತಳಮಳ ಎದ್ದ ಮೇಲೆ ಒಂದು ನಿಮಿಷ ಸಾಕು, ಹತ್ತು ನಿಮಿಷ ಗ್ಯಾಸ್ ದಂಡ. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಬೇಗ ತಣ್ಣಗಾಗಲೆಂದು ಹಸಿ ನೀರು ಬೆರೆಸಿದರೆ ಮಾಡಿದ್ದೆಲ್ಲ ವ್ಯರ್ಥ. ಬೋರ್‌ವೆಲ್ ನೀರಿನ ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗದು, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಅನುಮಾನವಿದ್ದರೆ ಪರೀಕ್ಷೆ ಮಾಡಿಸಲೇಬೇಕು.

ಇಷ್ಟೆಲ್ಲ ಮಾಡಿದ ನೀರು ಕೆಡುವುದು ಹೆಚ್ಚಾಗಿ ಕೊಡದೊಳಗೇ, ಅದ್ದಿದ ಲೋಟ ಮತ್ತು ಅದನ್ನು ಹಿಡಿದ ಬೆರಳಿನಿಂದ. ಕೈ ತೂರದ ಕಿರುಬಾಯಿಯ ಬಿಂದಿಗೆ ಅಥವಾ ನಲ್ಲಿ ಇರುವ ಪಾತ್ರೆ ಇಟ್ಟುಕೊಳ್ಳಿ. ಅಗಲ ಬಾಯಿಯದೇ ಇದ್ದರೆ ಉದ್ದ ಹಿಡಿಯ ಸೌಟನ್ನು ನೀರಿಗೆಂದೇ ಮೀಸಲಿಟ್ಟು, ಗೋಡೆಯ ಮೊಳೆಗೆ ನೇತುಹಾಕಿ. ಹಳೆ ನೀರಿನ ಮೇಲೆ ಹೊಸದನ್ನು ತುಂಬಬೇಡಿ. ಒಳಗೆ ಬೆರಳಾಡಿಸಿದಾಗ ಲೋಳೆ ತಗುಲಿದರೆ ತಿಕ್ಕಿ ತೊಳೆಯುವುದು ತಡವಾಗಿದೆ.

ಬಳಕೆ ನೀರಿನ ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿದರಷ್ಟೇ ಸಾಲದು. ಡೆಂಗಿ ಸೊಳ್ಳೆ ನೀರಂಚಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಉಳಿದು, ನೀರು ತುಂಬಿದೊಡನೆ ಮರಿಯಾಗುತ್ತವೆ. ಆ ಅಂಚನ್ನು ಸುತ್ತಲೂ ತೆಂಗಿನ ನಾರಿನಿಂದ ಉಜ್ಜಿ, ತೊಳೆದ ನೀರನ್ನು ಮಣ್ಣಿಗೆ ಚೆಲ್ಲಿ.